ಸಾವಿನ ಸ್ಮರಣೆಯೂ ಬಾಳಿನ ಮರೆವೂ

ಗಡಿಯಲ್ಲಿ ಮಡಿದ ಯೋಧನ ಕಳೇಬರವು ಹುಟ್ಟೂರನ್ನು ಸೇರುವ ದಿನ ಹುಣಸೂರಿನ ಸೀಮೆಯಲ್ಲಾಗಲಿ, ಪಿರಿಯಾಪಟ್ಟಣದ ಸೀಮೆಯಲ್ಲಾಗಲಿ ಏನು ನಡೆಯುತ್ತದೆಂಬುದನ್ನು ವಾಚಕರು ಬಲ್ಲರು. ತ್ರಿವರ್ಣ ಧ್ವಜವನ್ನು ಹೊದಿಸಿದ ಪೆಟ್ಟಿಗೆ. ಹೂವಿನಲ್ಲಿ ಮುಚ್ಚಿಹೋದ ಸೇನೆಯ ವಾಹನ. ದಾರಿಯ ಎರಡು ಮಗ್ಗುಲಲ್ಲಿಯೂ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತ ಶಾಲೆಯ ಮಕ್ಕಳು. ಆಕಾಶದ ಕಡೆಗೆ ಹಾರಿಸಿದ ಗುಂಡುಗಳು. ಮಡಿಸಿ ಕೈಗೆ ಕೊಟ್ಟ ಧ್ವಜವನ್ನು ಏನು ಮಾಡಬೇಕೆಂದು ತೋಚದೆ ಎದೆಗೊತ್ತಿಕೊಂಡು ನಿಂತ ಹೆಂಗಸು. ಆ ಬಳಿಕ ಭಾಷಣಗಳು. ಒಬ್ಬೊಬ್ಬರೂ ಆಡುವ ಮಾತು ಒಂದೇ: ಆತನು ವೀರಮರಣವನ್ನು ಪಡೆದನು, ಹುತಾತ್ಮನಾದನು, ತಾಯ್ನಾಡಿನ ಋಣವನ್ನು ತೀರಿಸಿದನು, ಆತನ ಹೆಸರು ಅಜರಾಮರವಾಯಿತು. ಹೆಸರು ಅಜರಾಮರವಾಯಿತೆಂದು ಹೇಳುವವರಲ್ಲಿ ಕೆಲವರು ಆ ಹೆಸರನ್ನು ಅಂಗೈಯಲ್ಲಿದ್ದ ಚೀಟಿಯಿಂದ ಓದಿಕೊಂಡೇ ಹೇಳುತ್ತಾರೆ.

ಇಂಥ ಗೌರವವು ಬೇಡವೆಂದು ಯಾರೂ ಹೇಳಲಾರರು. ಊರು ಕೂಡುವುದು ಸರಿ, ಅಳುವುದು ಸರಿ. ಆಕ್ಷೇಪವಿರುವುದು ಬೇರೊಂದು ಕಡೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬಾಳಿದ ಮನುಷ್ಯನಿಂದ ಅವನ ಬಾಳನ್ನು ಕಳಚಿಹಾಕಿ, ಕೊನೆಯ ಗಳಿಗೆಯೊಂದನ್ನೇ ಎತ್ತಿ ಹಿಡಿದು, ಇದೇ ಅವನೆಂದು ಸಾರುವುದಕ್ಕೆ ಸ್ಮರಣೆಯೆಂಬ ಹೆಸರು ಒಪ್ಪುವುದಿಲ್ಲ. ಸಾವು ಅವನಿಗೆ ಒದಗಿದ್ದು. ಬಾಳು ಅವನು ಮಾಡಿದ್ದು. ಒದಗಿದ್ದನ್ನು ಹೊಗಳಿ, ಮಾಡಿದ್ದನ್ನು ಮರೆಯುವ ಪದ್ಧತಿ ಈ ಜಿಲ್ಲೆಯಲ್ಲಿ ಬೇರೂರಿದೆ. ಅದನ್ನು ಬೇರೂರಿಸಿದವರು ಹಳ್ಳಿಯ ಜನರಲ್ಲ, ಅಕ್ಷರ ಬಲ್ಲವರು.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ೨೦೧೬ನೆಯ ಇಸವಿ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ಸಮುದ್ರಮಟ್ಟಕ್ಕೆ ಸುಮಾರು ೧೯,೬೦೦ ಅಡಿ ಎತ್ತರದಲ್ಲಿದ್ದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದುಬಿದ್ದಿತು. ಅದರ ಕೆಳಗೆ ಹೂತುಹೋದವರು ಹತ್ತು ಜನ. ಮದ್ರಾಸ್ ರೆಜಿಮೆಂಟಿನ ೧೯ನೆಯ ಬೆಟಾಲಿಯನ್ನಿನೊಂದಿಗೆ ಆ ಠಾಣೆಯನ್ನು ಕಾಯುತ್ತಿದ್ದವರು. ಹತ್ತರಲ್ಲಿ ಮೂವರು ಕನ್ನಡನಾಡಿನವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ. ಟಿ. ನಾಗೇಶ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸಿಪಾಯಿ ಪಿ. ಎನ್. ಮಹೇಶ. ಐದು ದಿನಗಳ ಮೇಲೆ ಹಿಮವನ್ನು ಕೊರೆದಾಗ ಹನುಮಂತಪ್ಪನವರು ಇನ್ನೂ ಉಸಿರಾಡುತ್ತಿದ್ದರು. ದೇಶವೇ ಬೆರಗಾಯಿತು. ಗುಡಿಗಳಲ್ಲಿ ಪೂಜೆ, ಮಸೀದಿಗಳಲ್ಲಿ ಪ್ರಾರ್ಥನೆ ನಡೆದವು. ಪ್ರಧಾನಿಗಳು ದೆಹಲಿಯ ಸೇನಾ ಆಸ್ಪತ್ರೆಗೆ ಹೋಗಿ ನೋಡಿಬಂದರು. ಫೆಬ್ರವರಿ ೧೧ರಂದು ಅವರೂ ತೀರಿಕೊಂಡರು.

ಆ ದಿನಗಳಲ್ಲಿ ಕನ್ನಡಿಗರಿಗೆ ಹನುಮಂತಪ್ಪನವರ ವಿಷಯ ಒಂದಿಷ್ಟಾದರೂ ತಿಳಿಯಿತು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳನ್ನು ಕಾಶ್ಮೀರದಲ್ಲಿಯೂ ಈಶಾನ್ಯದ ಗಡಿಗಳಲ್ಲಿಯೂ ಕಠಿಣವಾದ ಠಾಣೆಗಳಲ್ಲಿಯೇ ಕಳೆದವರೆಂದು ಸೇನೆಯೇ ತಿಳಿಸಿತು. ಇದು ಬಾಳಿನ ಮಾತು; ಆದಕಾರಣ ಅವರ ಸ್ಮರಣೆ ನಿಂತಿದೆ. ಆದರೆ ಆ ಬಾಳು ಹೊರಗೆ ಬಂದದ್ದು ಅವರು ಹಿಮದಡಿಯಲ್ಲಿ ಆರು ದಿನ ಬದುಕಿ ಉಳಿದ ಪವಾಡದಿಂದ. ಪವಾಡವು ನಡೆಯದಿದ್ದವರ ಗತಿ ಏನು? ದೇಶದ ಪತ್ರಿಕೆಗಳಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಮಹೇಶರ ಭಾಗಕ್ಕೆ ಬಂದದ್ದು ಒಂದು ಹೆಸರು, ಎರಡು ಇಂಗ್ಲಿಷ್ ಅಕ್ಷರಗಳು, ಊರೆಂದು ಎಚ್. ಡಿ. ಕೋಟೆ. ಆ ಕೋಟೆಯ ತಾಲ್ಲೂಕಿನಲ್ಲಿ ಎಷ್ಟು ಹಳ್ಳಿಗಳು, ಎಷ್ಟು ಹಾಡಿಗಳು ಇವೆಯೆಂಬುದು ಮೈಸೂರಿನವರಿಗೆ ಗೊತ್ತು. ಪಟ್ಟಿಯನ್ನು ಓದಿದ ದೇಶಕ್ಕೆ ಅದು ಭೂಪಟದ ಮೇಲಿನ ಒಂದು ಚುಕ್ಕೆ ಮಾತ್ರ.

ಇನ್ನೊಂದು ಸಂಗತಿಯುಂಟು. ಹಿಮದಡಿಯಲ್ಲಿದ್ದವರನ್ನು ಹುಡುಕಿದ ಸೇನೆಯ ನಾಯಿಗಳೆರಡರ ಹೆಸರು ದೇಶಕ್ಕೆಲ್ಲ ತಿಳಿಯಿತು: ಒಂದು ಡಾಟ್, ಇನ್ನೊಂದು ಮೀಶಾ. ಅವುಗಳ ಚಿತ್ರಗಳು ಮನೆಮನೆಯನ್ನು ತಲುಪಿದವು. ಆ ಮೂಕ ಪ್ರಾಣಿಗಳ ಕೀರ್ತಿಗೆ ಕರುಬುವುದು ನೀಚತನ. ಮನುಷ್ಯರೂ ಯಂತ್ರಗಳೂ ಸೋಲುವ ಚಳಿಯಲ್ಲಿ ಅವು ಮಾಡಿದ ಕೆಲಸ ದೊಡ್ಡದು. ಕನ್ನಡನಾಡಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸುವುದು ಹೊಸದೂ ಅಲ್ಲ. ಮದ್ದೂರಿನ ಬಳಿಯ ಆತಕೂರಿನಲ್ಲಿ ಕ್ರಿ. ಶ. ೯೪೯ರ ಹೊತ್ತಿಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸಿದ್ದಾರೆ. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆತಕೂರಿನ ಕಲ್ಲಿನಲ್ಲಿ ನಾಯಿಯ ಜೊತೆಗೆ ಅದರ ಒಡೆಯನಾದ ಮಣಲೆರನೂ ಇದ್ದಾನೆ; ಆತನು ಯಾರ ಆಳು, ಯಾವ ಯುದ್ಧದಲ್ಲಿ ಏನು ಮಾಡಿದನು, ಒಡೆಯನು ಬೇಡಿಕೊಳ್ಳೆಂದಾಗ ಈ ನಾಯಿಯನ್ನೇ ಹೇಗೆ ಬೇಡಿದನು ಎಂಬುದೆಲ್ಲ ಇದೆ. ಸಾವಿರ ವರ್ಷಗಳ ಹಿಂದಿನ ಶಾಸನಕಾರನು ನಾಯಿಗಾಗಿ ಮನುಷ್ಯನನ್ನು ಮರೆಯಲಿಲ್ಲ, ಮನುಷ್ಯನಿಗಾಗಿ ನಾಯಿಯನ್ನೂ ಮರೆಯಲಿಲ್ಲ. ಇಂದಿನ ಪತ್ರಿಕೆಗೆ ಎರಡಕ್ಕೂ ಸ್ಥಳವಿರಲಿಲ್ಲ.

ಈ ನಾಲ್ಕು ತಾಲ್ಲೂಕುಗಳ ನೆಲವೇ ಇಂಥ ಸ್ಮರಣೆಯ ಪಾಠಶಾಲೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಬಿದ್ದುಹೋದ ಗುಡಿಯ ಮುಂದೆ ನಿಂತ ವೀರಗಲ್ಲನ್ನು ಕಾಣದೆ ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಹಳ್ಳಿಯ ದಾರಿಯಲ್ಲಿ ಹೋಗುವುದು ಕಷ್ಟ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಆತನು ಲಿಂಗದ ಮುಂದೆ ಕುಳಿತಿರುವುದು: ಇಷ್ಟನ್ನು ಎಲ್ಲರೂ ಬಲ್ಲರು. ಇದರಿಂದ ಪ್ರಾಚೀನರೂ ಸಾವನ್ನೇ ಹೊಗಳಿದರೆಂದು ವಾದಿಸುವವರುಂಟು. ಚಿತ್ರವನ್ನು ಮಾತ್ರ ನೋಡಿ ಅಕ್ಷರವನ್ನು ಓದದವರ ವಾದವಿದು. ಬರೆಹವಿರುವ ಕಲ್ಲುಗಳನ್ನು ಓದಿದರೆ ಅಲ್ಲಿ ಮೊದಲು ಬರುವುದು ಮನುಷ್ಯ: ಇಂಥವನ ಮಗ, ಇಂಥ ಊರಿನ ಗಾವುಂಡ, ಇಂಥವನ ತಮ್ಮ. ಬಳಿಕ ಕಾರಣ. ತುರುಗಳನ್ನು ಅಟ್ಟಿಕೊಂಡು ಹೋದವರನ್ನು ಬೆನ್ನಟ್ಟಿದನೆ, ಊರಳಿವಿನಲ್ಲಿ ನಿಂತನೆ, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನಕ್ಕಾಗಿ ಕಾದಿದನೆ, ಅಥವಾ ಉಂಡ ಅನ್ನದ ಹಂಗಿಗಾಗಿ ಜೋಳದಪಾಳಿಯನ್ನು ಸಲ್ಲಿಸಿದನೆ ಎಂಬುದನ್ನು ಶಾಸನವು ಬೇರೆ ಬೇರೆಯಾಗಿ ಹೇಳುತ್ತದೆ. ಎಲ್ಲವನ್ನೂ ಒಂದೇ ಬಣ್ಣದ ಮಾತಿನಲ್ಲಿ ಅದ್ದುವುದಿಲ್ಲ. ಸತ್ತವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಹೆಸರುಗಳಿಂದ ಭೂಮಿಯನ್ನು ಬಿಟ್ಟದ್ದೂ ಅಲ್ಲಿಯೇ ಇದೆ. ಕೊಡಗೆಯ ವಿಷಯದಲ್ಲಿ ಈಗಿನ ಸರ್ಕಾರದ ನಿವೃತ್ತಿ ವೇತನವು ಆಗಿನ ಕಲ್ನಾಡಿಗಿಂತ ಕಡಮೆಯೆಂದು ಹೇಳುವುದಕ್ಕಾಗುವುದಿಲ್ಲ. ಅದರ ತಕರಾರು ಇಲ್ಲಿಲ್ಲ. ಕಡಮೆಯಾಗಿರುವುದು ಅಕ್ಷರ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕ್ರಿ. ಶ. ೧೦೫೭ರ ಶಾಸನವನ್ನು ಕನ್ನಡ ಓದುವವರು ಮರೆಯಲಾರರು. ಅದು ವೀರಗಲ್ಲಲ್ಲ; ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆಯದು. ಗಂಡನಾದ ಏಚನು ದಾಯಾದಿಯನ್ನು ಕೊಂದುದಕ್ಕಾಗಿ ರಾಜಾಜ್ಞೆಯಿಂದ ಸತ್ತನು. ಸುದ್ದಿ ತಿಳಿದು ಆಕೆ ಬೆಂಕಿಗೆ ಬಿದ್ದಳು. ಆ ಆಚಾರವನ್ನು ಇಂದು ಯಾವ ವಿವೇಕಿಯೂ ಹೊಗಳಲಾರನು, ಹೊಗಳಲೂ ಬಾರದು. ಆದರೆ ಆ ಕಲ್ಲನ್ನು ಬರೆದವನ ಮನಸ್ಸನ್ನು ನೋಡತಕ್ಕದ್ದು. ಆಕೆ ಎಲ್ಲಿಯವಳು, ಯಾರ ಮಗಳು, ತಂದೆತಾಯಿಗಳೂ ಬಂಧುಗಳೂ ಹೇಗೆ ಅಡ್ಡ ಬಂದರು, ಆಕೆ ಅವರಿಗೆ ಹೇಗೆ ಸೋಲಲಿಲ್ಲ ಎಂಬುದನ್ನೆಲ್ಲ ಆತನು ಪದ್ಯದಲ್ಲಿ ಕಟ್ಟಿದ್ದಾನೆ. ಬೆಂಕಿಯ ವರ್ಣನೆ ಮಾಡಿ ಕೈ ತೊಳೆದುಕೊಂಡಿಲ್ಲ. ಸಾವಿಗೆ ಮುಂಚೆ ಒಂದು ಮನೆಯಿತ್ತು, ಮಾತಿತ್ತು, ಜಗಳವಿತ್ತು ಎಂಬುದು ಸಾವಿರ ವರ್ಷಗಳ ಮೇಲೂ ಕಿವಿಗೆ ಬೀಳುತ್ತದೆ. ಮೊನ್ನೆ ಮೊನ್ನೆ ಮಡಿದವನ ಮನೆಯ ಒಂದು ಮಾತೂ ಬೀಳುವುದಿಲ್ಲ.

ಬಿ. ಎಲ್. ರೈಸ್ ಮಹಾಶಯನು ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳನ್ನು ಹುಡುಕಿಸಿ ಓದಿಸಿ ೧೮೯೮ರಲ್ಲಿ ಅಚ್ಚುಹಾಕಿಸಿದನು. ಅದಾದ ಮೇಲೆ ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿ ಮತ್ತೆ ಅಚ್ಚುಹಾಕಿತು, ಆರ್. ಶೇಷಶಾಸ್ತ್ರಿಗಳು ವೀರಗಲ್ಲುಗಳ ಮೇಲೆಯೇ ದೊಡ್ಡ ಗ್ರಂಥವನ್ನು ಬರೆದರು. ವಿದ್ವಾಂಸರ ಕೆಲಸ ನಡೆದಿದೆ. ನಡೆಯದಿರುವುದು ಮನೆಯೊಡೆಯರ ಕೆಲಸ. ಎಷ್ಟೋ ಊರುಗಳಲ್ಲಿ ವೀರನ ಕಲ್ಲು ಬಟ್ಟೆ ಒಗೆಯುವ ಹಾಸಾಗಿದೆ, ಚರಂಡಿಯ ಮುಚ್ಚಳವಾಗಿದೆ. ಕಬಿನಿಯ ಅಣೆಕಟ್ಟು ೧೯೭೪ರಲ್ಲಿ ಮುಗಿದಾಗ ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರೇ ನೀರಿನ ಪಾಲಾಯಿತು. ನೀರಾವರಿಗೆ ಬೆಲೆ ಕೊಡಬೇಕಾದದ್ದು ನಿಜ. ಅದರ ಮೇಲೆ ಯಾರನ್ನೂ ದೂರುವಂತಿಲ್ಲ. ಆದರೆ ಚರಂಡಿಯ ಮೇಲಿನ ಕಲ್ಲಿಗೆ ಯಾವ ಅಣೆಕಟ್ಟೂ ಕಾರಣವಲ್ಲ.

ಮೊದಲನೆಯ ಮಹಾಯುದ್ಧದ ಕಥೆಯನ್ನು ನೋಡಿದರೂ ಇದೇ ರೋಗ ಕಾಣುತ್ತದೆ. ಮೈಸೂರು ಲಾನ್ಸರ್ಸ್ ಎಂಬ ಕುದುರೆ ದಳವು ೧೯೧೪ರಲ್ಲಿ ಹಡಗು ಹತ್ತಿ ಸುಯೆಜ್ ಕಾಲುವೆಯ ಕಾವಲಿಗೆ ಹೋಯಿತು. ಬಳಿಕ ಪ್ಯಾಲೆಸ್ಟೈನಿನಲ್ಲಿ ಕಾದಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಬಾಯಿ ಮುಚ್ಚಿಸಿದವರು ಮೈಸೂರಿನ ರಾವುತರು. ಬಂದೂಕು ಫಿರಂಗಿಗಳ ಎದುರಿಗೆ ಭರ್ಜಿ ಹಿಡಿದು ಕುದುರೆಯನ್ನು ನುಗ್ಗಿಸಿ ಪಟ್ಟಣವೊಂದನ್ನು ಗೆದ್ದುದು ಆ ಯುದ್ಧದಲ್ಲಿ ಅಪರೂಪ. ಹುಣಸೂರು, ಪಿರಿಯಾಪಟ್ಟಣದ ಸೀಮೆಯ ಅರಸು ಮನೆತನಗಳಿಗೂ ಮೈಸೂರಿನ ಸೈನ್ಯಕ್ಕೂ ಇದ್ದ ನಂಟು ಹಳೆಯದು. ಹೈಫಾದ ದಿನ ಮೈಸೂರು ದಳದ ಮುಖ್ಯರಾಗಿದ್ದವರೂ ಚಾಮರಾಜ ಅರಸರು.

ಈಗ ನೋಡುವುದು: ಜೋಧಪುರದವರು ಆ ದಿನ ಮಡಿದ ತಮ್ಮ ಮೇಜರ್ ದಲಪತ್ ಸಿಂಹನನ್ನು ಹೆಸರಿನಿಂದ ನೆನೆಯುತ್ತಾರೆ, ಅವನ ತಂದೆ ಯಾರು, ಓದಿದ್ದೆಲ್ಲಿ, ಯಾವ ಊರಿನವನು ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು, ಹೈಫಾದವರೂ ಆತನನ್ನು ತಮ್ಮವನೆಂದುಕೊಂಡಿದ್ದಾರೆ. ಮೈಸೂರಿನವರಾದರೋ ‘ನಮ್ಮ ಲಾನ್ಸರುಗಳು’ ಎಂದು ಬಹುವಚನದಲ್ಲಿ ಹೆಮ್ಮೆ ಪಡುತ್ತಾರೆ. ದೆಹಲಿಯ ತೀನ್ ಮೂರ್ತಿಯಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸನು ಎರಕಹೊಯ್ದ ಮೂರು ಕಂಚಿನ ಯೋಧರಿದ್ದಾರೆ: ಹೈದರಾಬಾದಿನವನೊಬ್ಬ, ಜೋಧಪುರದವನೊಬ್ಬ, ಮೈಸೂರಿನವನೊಬ್ಬ. ಮೈಸೂರಿನವನಿಗೆ ಮುಖವಿದೆ, ಮುಂಡಾಸಿದೆ, ಹೆಸರಿಲ್ಲ. ೨೦೧೮ರ ಜನವರಿಯಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೆಸರಿಟ್ಟರು. ನೂರು ವರ್ಷಗಳ ಮೇಲೆ ನಾಮಫಲಕಕ್ಕೆ ಒಂದು ಹೆಸರು ಸೇರಿತು, ಅದೂ ಊರಿನ ಹೆಸರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲಾನ್ಸರುಗಳ ಸ್ಮಾರಕವೊಂದುಂಟು. ಅದನ್ನು ನಿಲ್ಲಿಸಿದವರು ಅವರ ಜೊತೆಗಾರರಾದ ಅಧಿಕಾರಿಗಳೇ. ಅಲ್ಲಿ ಕಾದಾಡಿ ಮಡಿದವರೊಡನೆ ಗಾಯದಿಂದ, ರೋಗದಿಂದ ಸತ್ತವರನ್ನೂ ಸೇರಿಸಿಕೊಂಡಿದ್ದಾರೆ. ಜೊತೆಯಲ್ಲಿ ಉಂಡು ಮಲಗಿದವರಿಗೆ ಜ್ವರದಿಂದ ಸತ್ತ ರಾವುತನೂ ರಾವುತನೇ ಎಂಬುದು ತಿಳಿದಿತ್ತು. ಊರಿನಲ್ಲಿ ಕುಳಿತು ಹೊಗಳುವವರಿಗೆ ಮಾತ್ರ ‘ವೀರಮರಣ’ವೇ ಬೇಕು.

ಹುಣಸೂರಿನವರಿಗೆ ಕೋಪ ಬಾರದಿದ್ದರೆ ಇನ್ನೊಂದು ಮಾತು. ಆ ಊರು ಒಂದು ಕಾಲಕ್ಕೆ ಅಮೃತಮಹಲಿನ ಮುಖ್ಯಸ್ಥಾನ. ಕುಂಪಣಿಯ ದಂಡಿಗೆ ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸಿದ್ದು ಅಲ್ಲಿ, ಚರ್ಮ ಹದಮಾಡಿದ್ದು ಅಲ್ಲಿ, ಕಂಬಳಿ ನೇಯಿಸಿದ್ದು ಅಲ್ಲಿ. ಆ ದನಗಳ ವಂಶಾವಳಿ ಇಂದಿಗೂ ಸಿಕ್ಕುತ್ತದೆ: ಹಳ್ಳಿಕಾರದ್ದು ಇದು, ಹಾಗಲವಾಡಿಯದು ಇದು, ಚಿತ್ರದುರ್ಗದ್ದು ಇದು. ಅದೇ ದಂಡಿನೊಡನೆ ನಡೆದುಹೋದ ಮನುಷ್ಯರ ವಂಶಾವಳಿಯನ್ನು ಕೇಳಿದರೆ ಉತ್ತರವಿಲ್ಲ.

ಪಿರಿಯಾಪಟ್ಟಣದವರಿಗೆ ಬೈಲುಕುಪ್ಪೆಯನ್ನು ದಾಟಿ ಕಾವೇರಿಯ ಸೇತುವೆಯನ್ನು ಹಾಯ್ದರೆ ಕೊಡಗು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆಯನ್ನೇ ೨೦೨೧ರಲ್ಲಿ ಸಂಗ್ರಹಾಲಯವಾಗಿ ತೆರೆದಿದ್ದಾರೆ. ಬಾಲ್ಯ, ಓದು, ಮದುವೆ, ಕಾಶ್ಮೀರ, ಕೊರಿಯಾ, ೧೯೬೫ರಲ್ಲಿ ಸೈಪ್ರಸಿನಲ್ಲಿ ಬಂದ ಮರಣ, ಎಲ್ಲವೂ ಒಂದಾದ ಮೇಲೊಂದು ಇರುವ ತುಂಬಿದ ಬಾಳು ಅದು. ತಕ್ಕದ್ದೇ. ಆದರೆ ಇದರಲ್ಲಿ ಅಡಗಿದ ನಿಯಮವನ್ನು ಗಮನಿಸಬೇಕು: ಸೇನಾಪತಿಯಾದರೆ ಬಾಳು, ಸಿಪಾಯಿಯಾದರೆ ಸಾವು. ದೊಡ್ಡವನು ಹುಟ್ಟಿದ ಮನೆ ಯಾತ್ರಾಸ್ಥಳವಾಗುತ್ತದೆ. ಸಣ್ಣವನ ಮನೆಗೆ ಹೆಣವು ಬಂದ ದಿನ ಮಾತ್ರ ದಾರಿ ತಿಳಿಯುತ್ತದೆ. ಬೈಲುಕುಪ್ಪೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬಹುದು. ೧೯೬೨ರಲ್ಲಿ ಕಟ್ಟಿದ ಗಡಿಯ ವಿಶೇಷ ದಳಕ್ಕೆ ಈ ದೇಶದ ಟಿಬೆಟಿನ ವಸತಿಗಳಿಂದ ತರುಣರು ಸೇರಿದರು. ೧೯೭೧ರಲ್ಲಿ ಚಿತ್ತಗಾಂಗಿನ ಬೆಟ್ಟಗಳಲ್ಲಿ ಕಾದಿ ಸತ್ತರು. ಆ ದಳವೇ ಗುಟ್ಟಾಗಿದ್ದುದರಿಂದ ಅವರ ಸಾವನ್ನೂ ಬಹುಕಾಲ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾವೂ ಇಲ್ಲ, ಬಾಳೂ ಇಲ್ಲ.

‘ಹುತಾತ್ಮ’ ಎಂಬ ಪದದ ಮೇಲೆ ಒಂದು ಮಾತು ಅವಶ್ಯ. ತನ್ನನ್ನು ತಾನೇ ಆಹುತಿ ಕೊಟ್ಟವನೆಂದು ಅದರ ಅರ್ಥ. ಸೇನೆಯಲ್ಲಿ ಅಂಥ ಪದಕ್ಕೆ ವಿಧಿಬದ್ಧವಾದ ಸ್ಥಾನವಿಲ್ಲವೆಂದು ಸರ್ಕಾರವೇ ಸಂಸತ್ತಿನಲ್ಲಿ ತಿಳಿಸಿದೆ. ಆದರೂ ವೇದಿಕೆಯ ಮೇಲೆ ಅದು ಬಾಯಿಂದ ಬಾಯಿಗೆ ಉರುಳುತ್ತದೆ. ಕಾರಣ ಸುಲಭ. ಆಹುತಿಯಾದವನ ವಿಷಯದಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ೧೯೮೪ರ ಏಪ್ರಿಲಿನಿಂದ ಸಿಯಾಚಿನ್ನಿನಲ್ಲಿ ಸೇನೆ ನಿಂತಿದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೂ ಹಿಮಕ್ಕೂ ಬಲಿಯಾದವರೇ ಹೆಚ್ಚು. ಅಂಥ ಕಡೆ ಸತ್ತವನು ತನ್ನನ್ನು ತಾನು ಕೊಟ್ಟುಕೊಂಡನೆ, ಅಥವಾ ಬದುಕಿ ಮನೆಗೆ ಹೋಗಬೇಕೆಂದು ಕೊನೆಯ ಉಸಿರಿನವರೆಗೂ ಹೆಣಗಿದನೆ? ಹನುಮಂತಪ್ಪನವರ ಆರು ದಿನಗಳು ಯಾವುದಕ್ಕೆ ಸಾಕ್ಷಿ? ಸಾಯುವ ಆಸೆಗಲ್ಲ. ಬದುಕುವ ಹಟದಲ್ಲಿ ಇರುವ ಶೌರ್ಯವನ್ನು ‘ಹುತಾತ್ಮ’ ಶಬ್ದವು ನುಂಗಿಹಾಕುತ್ತದೆ.

ಇಷ್ಟನ್ನು ಕೇಳಿ ಕೆಲವರು ಹೇಳಬಹುದು: ಸಾಮಾನ್ಯ ಸಿಪಾಯಿಯ ಬಾಳಿನಲ್ಲಿ ಬರೆಯತಕ್ಕದ್ದು ಏನಿದೆ? ಹತ್ತನೆಯ ತರಗತಿ ಮುಗಿಸಿದ, ಭರ್ತಿಯ ಓಟದಲ್ಲಿ ಗೆದ್ದ, ಸಂಬಳ ಕಳುಹಿಸಿದ, ರಜೆಗೆ ಬಂದ, ಸತ್ತ. ಎಲ್ಲರದೂ ಒಂದೇ ಕಥೆ. ಹೀಗೆನ್ನುವವರು ತಮ್ಮ ಮನೆಯ ಕಥೆಯೂ ಹುಟ್ಟಿದ, ಓದಿದ, ಉದ್ಯೋಗ ಮಾಡಿದ, ಸತ್ತ ಎಂಬಷ್ಟೇ ಎಂದು ಒಪ್ಪುತ್ತಾರೆಯೆ? ಮೊದಲ ತಿಂಗಳ ಸಂಬಳದಲ್ಲಿ ಮನೆಗೆ ಹೆಂಚು ಹೊದಿಸಿದನೆ, ಹೊಗೆಸೊಪ್ಪಿನ ಬೆಳೆಯಲ್ಲಿ ಮುಳುಗಿದ ಅಪ್ಪನ ಸಾಲವನ್ನು ತೀರಿಸಿದನೆ, ತಂಗಿಯ ಮದುವೆಗಾಗಿ ತನ್ನ ಮದುವೆಯನ್ನು ಮುಂದೂಡಿದನೆ, ತಮಿಳು ಮಲೆಯಾಳದವರ ನಡುವೆ ಇದ್ದು ಯಾವ ಭಾಷೆಯಲ್ಲಿ ಕನಸು ಕಂಡನು, ಯಾವ ರಜೆಯಲ್ಲಿ ಮರಳಿ ಹೋಗಲು ಮನಸ್ಸಾಗದೆ ಬಸ್ಸನ್ನು ತಪ್ಪಿಸಿಕೊಂಡನು: ಇವು ಕಥೆಯಲ್ಲವಾದರೆ ಕಾದಂಬರಿಗಳನ್ನೆಲ್ಲ ಸುಟ್ಟುಬಿಡಬಹುದು. ದೇಶಭಕ್ತಿಯಿಂದ ಸೇರಿದವನೆಂದು ಎಲ್ಲರ ಮೇಲೂ ಒಂದೇ ಮುದ್ರೆ ಒತ್ತಬೇಕಾಗಿಯೂ ಇಲ್ಲ. ಹೊಟ್ಟೆಪಾಡಿಗಾಗಿ ಸೇರಿದವರು ಅನೇಕರು. ಸೇರಿದ ಮೇಲೆ ಕೆಲಸವನ್ನು ಪ್ರಾಣಕ್ಕಿಂತ ದೊಡ್ಡದೆಂದುಕೊಂಡವರೂ ಅವರೇ. ಜೋಳದಪಾಳಿಯೆಂದು ಕಲ್ಲಿನಲ್ಲಿ ಕೊರೆದ ಹಿರಿಯರು ಅನ್ನದ ಹಂಗನ್ನು ಹೇಳಿಕೊಳ್ಳಲು ನಾಚಲಿಲ್ಲ.

ಈ ಸೀಮೆಯ ಕವಿಯೇ ಇದಕ್ಕೆ ದಾರಿ ತೋರಿಸಿದ್ದಾನೆ. ಚಂಗಾಳ್ವ ವಂಶದ ನಂಜುಂಡನು ೧೬ನೆಯ ಶತಮಾನದಲ್ಲಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಕುಮ್ಮಟದ ಆ ರಾಜಪುತ್ರನು ದೆಹಲಿಯ ದಂಡಿನೊಡನೆ ಕಾದಿ ಸತ್ತವನು. ಸತ್ತದ್ದನ್ನು ಮಾತ್ರ ಹೇಳುವುದಾಗಿದ್ದರೆ ಕೆಲವು ಪದ್ಯ ಸಾಕಾಗುತ್ತಿತ್ತು. ಕವಿಯು ಅವನ ಹುಟ್ಟನ್ನೂ ಗೆಳೆಯರನ್ನೂ ಕುದುರೆಯ ಮೇಲಿನ ಆಸೆಯನ್ನೂ ಚೆಂಡಾಟವನ್ನೂ ಮಲತಾಯಿಯ ಮನೆಯಲ್ಲಿ ನಡೆದ ಅನಾಹುತವನ್ನೂ ಹಾಡಿದ್ದರಿಂದ, ಕುಮಾರರಾಮನು ಇಂದಿಗೂ ಕನ್ನಡಿಗರಿಗೆ ಬದುಕಿರುವ ಹುಡುಗ.

ಇನ್ನು ಕೆಲವರದು ಸೂಕ್ಷ್ಮವಾದ ಆಕ್ಷೇಪ: ನೊಂದವರ ಮನೆಯ ಬಾಗಿಲನ್ನು ತಟ್ಟಿ ಹಳೆಯ ಗಾಯವನ್ನು ಕೆದಕುವುದು ಸಭ್ಯತೆಯೆ? ಇದು ಕೇಳತಕ್ಕ ಮಾತು, ಉಪೇಕ್ಷಿಸತಕ್ಕದ್ದಲ್ಲ. ಆದರೆ ಮೊದಲನೆಯ ದಿನ ಹಸಿ ಗಾಯದ ಎದುರಿಗೆ ಕ್ಯಾಮರಾಗಳನ್ನು ಒಡ್ಡಿದಾಗ ಈ ಸಭ್ಯತೆ ಎಲ್ಲಿತ್ತು? ಆ ದಿನ ಬಂದವರು ಕೇಳುವುದು ಒಂದೇ ಪ್ರಶ್ನೆ: ಈಗ ನಿಮಗೆ ಹೇಗೆ ಅನ್ನಿಸುತ್ತಿದೆ? ಒಂದು ವರ್ಷದ ಮೇಲೆ, ಹತ್ತು ವರ್ಷಗಳ ಮೇಲೆ ಬಂದು ಜಗಲಿಯ ಮೇಲೆ ಕುಳಿತು, ಅವನಿಗೆ ಏನು ಇಷ್ಟವ್ವಾ ಎಂದು ತಾಯಿಯನ್ನು ಕೇಳಿದವರು ವಿರಳ. ಸತ್ತ ಮಗನ ಮಾತನ್ನು ಯಾರೂ ಎತ್ತದಿರುವುದೇ ಆ ಮನೆಗಳ ದೊಡ್ಡ ನೋವು. ಎತ್ತಿದರೆ ಅತ್ತಾಳೆಂದು ನೆರೆಯವರೂ ಬಾಯಿ ಬಿಡುವುದಿಲ್ಲ. ಬೇಡವೆಂದವರ ಮನೆಗೆ ಹೋಗಬಾರದು. ಬಾ ಎನ್ನುವವರ ಮನೆಗೂ ಹೋಗದಿರುವುದಕ್ಕೆ ಸಭ್ಯತೆಯನ್ನು ನೆಪಮಾಡಬಾರದು.

ಮೂರನೆಯದು ಶಾಂತಿಪ್ರಿಯರ ಆಕ್ಷೇಪ. ಸೈನಿಕರ ಚರಿತ್ರೆಯನ್ನು ಬರೆದರೆ ಯುದ್ಧಕ್ಕೆ ಹೊಗಳಿಕೆ ಸಂದಂತಾಗುವುದಿಲ್ಲವೆ ಎನ್ನುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಸಾವನ್ನು ಹೊಗಳುವ ಭಾಷಣವು ಯುದ್ಧವನ್ನು ಅಗ್ಗ ಮಾಡುತ್ತದೆ, ಏಕೆಂದರೆ ಅದರಲ್ಲಿ ಖರ್ಚಾದದ್ದು ಏನೆಂಬುದು ಕಾಣುವುದಿಲ್ಲ. ಕ್ರಿ. ಶ. ೧೦೦೪ರ ಸುಮಾರಿಗೆ ಈಗಿನ ಕೃಷ್ಣರಾಜನಗರದ ಸೀಮೆಯ ಪನಸೋಗೆಯಲ್ಲಿ ಚೋಳರ ದಂಡು ಚಂಗಾಳ್ವರ ಮೇಲೆ ಬಿದ್ದು ಗೆದ್ದಿತು. ಗೆದ್ದ ಕಡೆಯಲ್ಲಿ ಪರಾಕ್ರಮ ತೋರಿದ ಮನಿಜನಿಗೆ ಕೊಂಗಾಳ್ವನೆಂಬ ಪಟ್ಟವೂ ನಾಡೂ ಬಂದದ್ದು ಶಾಸನದಲ್ಲಿದೆ. ಪಟ್ಟದ ಲೆಕ್ಕ ಸಿಕ್ಕಿತು. ಹನಸೋಗೆಯ ಬಯಲಿನಲ್ಲಿ ಬಿದ್ದವರ ಲೆಕ್ಕವಿಲ್ಲದೆ ಆ ಯುದ್ಧದ ಬೆಲೆ ಎಷ್ಟೆಂದು ಯಾರು ಹೇಳಬೇಕು? ಮಡಿದ ಒಬ್ಬೊಬ್ಬನ ಬಾಳನ್ನೂ ಹತ್ತು ಪುಟಗಳಲ್ಲಿ ಬರೆದಿಟ್ಟ ನಾಡು ಯುದ್ಧವನ್ನು ಕೂಗಿ ಕರೆಯುವ ಮುಂಚೆ ಆ ಪುಟಗಳನ್ನು ತಿರುವಿಹಾಕಲೇಬೇಕಾಗುತ್ತದೆ.

ದೆಹಲಿಯಲ್ಲಿ ೨೦೧೯ರ ಫೆಬ್ರವರಿ ೨೫ರಂದು ರಾಷ್ಟ್ರೀಯ ಸಮರ ಸ್ಮಾರಕವನ್ನು ತೆರೆದರು. ಸ್ವಾತಂತ್ರ್ಯದ ಮೇಲೆ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ಹೆಸರನ್ನು ಕೆತ್ತಿಸುವುದು ರಾಷ್ಟ್ರದ ಕೆಲಸ, ಅದಾಯಿತು. ಆ ಹೆಸರಿನ ಹಿಂದಿನ ಮನುಷ್ಯನನ್ನು ಬರೆಯುವುದು ದೆಹಲಿಯ ಕೈಲಾಗುವ ಕೆಲಸವಲ್ಲ. ಅದು ಊರಿನ ಕೆಲಸ, ಊರಿನ ಭಾಷೆ ಬಲ್ಲವರ ಕೆಲಸ. ತಾಲ್ಲೂಕು ತಾಲ್ಲೂಕುಗಳಲ್ಲಿ ಸಾಹಿತ್ಯಗೋಷ್ಠಿಗಳಿವೆ. ಮರೆತ ಕವಿಗಳ ಜನ್ಮಸ್ಥಳ ಯಾವುದೆಂದು ಅಲ್ಲಿ ವರ್ಷಗಟ್ಟಲೆ ವಾದಗಳು ನಡೆಯುತ್ತವೆ. ಹುಣಸೂರಿನ ಕಲ್ಲಹಳ್ಳಿಯ ಮಂಗರಸನು ಯಾವ ಕಾವ್ಯವನ್ನು ಯಾವಾಗ ಬರೆದನೆಂಬುದನ್ನು ತಿಳಿಯುವುದಕ್ಕೆ ಪಟ್ಟ ಶ್ರಮದಲ್ಲಿ ಹತ್ತರಲ್ಲೊಂದು ಪಾಲು ಸಾಕು. ಶಾಲೆಯ ದಾಖಲೆ ಪುಸ್ತಕ, ಉಪಾಧ್ಯಾಯರ ನೆನಪು, ಟ್ರಂಕಿನ ತಳದಲ್ಲಿರುವ ಕಾಗದಗಳು, ಫೋನಿನಲ್ಲಿ ಉಳಿದ ದನಿ, ಗೆಳೆಯರ ಹಳೆಯ ಜಗಳಗಳು: ಇಷ್ಟೇ ಸಾಮಗ್ರಿ. ಇದರಲ್ಲಿ ದೋಷಗಳೂ ಬರುತ್ತವೆ. ಕುಡಿತ, ಕೋಪ, ಸುಳ್ಳು ಬರುತ್ತವೆ. ಬರಲಿ. ದೋಷವಿಲ್ಲದ ಸೈನಿಕನು ಭಾಷಣದಲ್ಲಿ ಮಾತ್ರ ಹುಟ್ಟುತ್ತಾನೆ.

ಕಾಲವೂ ನಿಂತಿಲ್ಲ. ಮೈಸೂರು ಲಾನ್ಸರ್ಸ್‌ನ ಕೊನೆಯ ರಾವುತನನ್ನು ಕಂಡು ಮಾತಾಡಿಸುವ ಅವಕಾಶ ಎಂದೋ ಕೈತಪ್ಪಿತು. ಸಿಯಾಚಿನ್ನಿನಲ್ಲಿ ಮಹೇಶರಂಥವರ ಜೊತೆಯಲ್ಲಿ ಒಂದೇ ಒಲೆಯ ಮುಂದೆ ಕೈ ಕಾಯಿಸಿಕೊಂಡ ಪೀಳಿಗೆಯ ಸಿಪಾಯಿಗಳು ಹದಿನೈದು ಹದಿನೇಳು ವರ್ಷಗಳ ಸೇವೆ ಮುಗಿಸಿ ಈಗ ಒಬ್ಬೊಬ್ಬರಾಗಿ ಊರುಗಳಿಗೆ ಬರುತ್ತಿದ್ದಾರೆ. ಕೆಲವರು ಹೊಲಕ್ಕೆ ಮರಳುತ್ತಾರೆ. ಕೆಲವರು ಪೇಟೆಯ ಬ್ಯಾಂಕುಗಳ ಬಾಗಿಲಲ್ಲಿ ಕಾವಲಿಗೆ ನಿಲ್ಲುತ್ತಾರೆ. ವಿದ್ಯಾವಂತ ಗೃಹಸ್ಥರು ಅವರನ್ನು ದಿನವೂ ದಾಟಿ ಒಳಕ್ಕೆ ಹೋಗುತ್ತಾರೆ, ಹಣವನ್ನು ಎಣಿಸಿಕೊಂಡು ಹೊರಕ್ಕೆ ಬರುತ್ತಾರೆ.